ಕ್ಯೂ ಮತ್ತು ಪಂಕ್ತಿ

ಊಟ ಕೊಡುವುದು ಒಂದು, ಜೊತೆಗೆ ಕೂತು ಉಣ್ಣುವುದು ಇನ್ನೊಂದು. ಕನ್ನಡದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿ ಅನ್ನೋ ಪದವೂ ನಮ್ಮಲ್ಲಿದೆ, ಪಂಕ್ತಿಭೇದ ಅನ್ನೋ ರೋಗವೂ ನಮ್ಮಲ್ಲಿದೆ. ಆದರೂ ಈ ಎರಡರ ನಡುವೆ ಎಷ್ಟು ದೂರ ಅನ್ನೋದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡದ್ದು ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ತೆಗೆದ ಎರಡು ಸಿನಿಮಾಗಳಲ್ಲಿ. ಎರಡನ್ನೂ ನಿರ್ದೇಶಿಸಿದವರು ಕೆನ್ ಲೋಚ್, ಬರೆದವರು ಪಾಲ್ ಲ್ಯಾವರ್ಟಿ. 2016ರ 'ಐ, ಡೇನಿಯಲ್ ಬ್ಲೇಕ್'ನಲ್ಲಿ ಹಸಿದವರು ಕ್ಯೂ ನಿಲ್ಲುತ್ತಾರೆ. 2023ರ 'ದಿ ಓಲ್ಡ್ ಓಕ್'ನಲ್ಲಿ ಹಸಿದವರು ಮೇಜಿನ ಸುತ್ತ ಒಟ್ಟಿಗೆ ಕೂರುತ್ತಾರೆ. ಮೊದಲನೆಯದಕ್ಕೆ ಕಾನ್ ಚಿತ್ರೋತ್ಸವದಲ್ಲಿ ಪಾಮ್ ದೋರ್ ಬಂತು. ಎರಡನೆಯದಕ್ಕೆ ಅದು ಬರಲಿಲ್ಲ, ಅಜ್ಜ ಸ್ವಲ್ಪ ಭಾವುಕರಾದರು ಅಂತ ಎಷ್ಟೋ ಜನ ಸುಮ್ಮನಾದರು. ಬರೀ ಸಿನಿಮಾ ಅಂತ ನೋಡಿದರೆ ನನಗೂ ಮೊದಲನೆಯದೇ ಗಟ್ಟಿ. ಆದರೆ ಅಂಚಿಗೆ ತಳ್ಳಿಸಿಕೊಂಡ ಕುಟುಂಬಗಳ ಜೊತೆ ಏನಾದರೂ ಕೆಲಸ ಮಾಡಬೇಕು ಅನ್ನುವವರು, ಶನಿವಾರ ಕಂಪನಿಯ ಟೀ-ಶರ್ಟ್ ಹಾಕಿಕೊಂಡು ಬಸ್ಸಲ್ಲಿ ಸ್ಲಮ್ಮಿಗೆ ಹೋಗಿಬರುವ ನಮ್ಮಂಥವರು ಯಾವುದನ್ನ ನೋಡಬೇಕು ಅಂದರೆ, ನಾನು ಎರಡನೆಯದನ್ನೇ ತೋರಿಸ್ತೀನಿ. ಯಾಕೆ ಅನ್ನೋದನ್ನ ಹೇಳೋಕೆ ಮೊದಲನೆಯದರಿಂದ ಶುರು ಮಾಡಬೇಕು.

ಡೇನಿಯಲ್ ಬ್ಲೇಕ್ ನ್ಯೂಕ್ಯಾಸಲ್ ಊರಿನ ಬಡಗಿ. ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಕೆಲಸದ ಜಾಗದಲ್ಲಿ ಹೃದಯಾಘಾತ ಆಗಿದೆ, ಸದ್ಯಕ್ಕೆ ಕೆಲಸ ಮಾಡಕೂಡದು ಅಂತ ಡಾಕ್ಟರು ಹೇಳಿದ್ದಾರೆ. ಸಿನಿಮಾ ಶುರುವಾಗುವಾಗ ಪರದೆ ಮೇಲೆ ಚಿತ್ರವೇ ಇಲ್ಲ, ಬರೀ ಕತ್ತಲು, ಎರಡು ದನಿ. ಹೆಂಗಸಿನ ದನಿ ಪಟ್ಟಿ ಓದುತ್ತಾ ಹೋಗುತ್ತದೆ: ಕೈ ಮೇಲೆತ್ತಲು ಆಗುತ್ತಾ, ತಲೆಗೆ ಟೋಪಿ ಹಾಕಿಕೊಳ್ಳಲು ಆಗುತ್ತಾ, ಫೋನಿನ ಗುಂಡಿ ಒತ್ತಲು ಆಗುತ್ತಾ. ಕೈಕಾಲು ನೆಟ್ಟಗಿವೆ ತಾಯಿ, ಕೆಟ್ಟಿರುವುದು ಹೃದಯ, ಅದರ ಬಗ್ಗೆ ಕೇಳಿ ಅಂತ ಡೇನಿಯಲ್ ಗೋಗರೆಯುತ್ತಾನೆ. ಪಟ್ಟಿಯಲ್ಲಿ ಹೃದಯ ಇಲ್ಲ. ಸಾಕಷ್ಟು ಅಂಕ ಬರಲಿಲ್ಲ, ಆದ್ದರಿಂದ ಈತ ದುಡಿಯಲು ಅರ್ಹ ಅಂತ ಪತ್ರ ಬರುತ್ತದೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ತರ್ಕಬದ್ಧ ಹುಚ್ಚು. ದುಡಿಯಲು ಅರ್ಹನಾದ್ದರಿಂದ ಕಾಯಿಲೆಯ ಭತ್ಯೆ ಇಲ್ಲ. ನಿರುದ್ಯೋಗ ಭತ್ಯೆ ಬೇಕಾದರೆ ವಾರಕ್ಕೆ 35 ಗಂಟೆ ಕೆಲಸ ಹುಡುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಹುಡುಕಿ ಕೆಲಸ ಸಿಕ್ಕರೆ ಡಾಕ್ಟರು ಬೇಡ ಅಂದಿದ್ದಾರೆ ಅಂತ ಬಿಡಬೇಕು.

ಇದು ಲೋಚ್ ಅವರ ಕಲ್ಪನೆಯಲ್ಲ. ಬ್ರಿಟನ್ನಿನಲ್ಲಿ ದುಡಿಯುವ ಸಾಮರ್ಥ್ಯದ ಈ ಪರೀಕ್ಷೆ 2008ರಲ್ಲಿ, ಅದೂ ಲೇಬರ್ ಪಕ್ಷದ ಸರ್ಕಾರವಿದ್ದಾಗಲೇ ಬಂತು, ನಡೆಸುವ ಗುತ್ತಿಗೆ ಖಾಸಗಿ ಕಂಪನಿಗೆ ಹೋಯಿತು. 2010ರಲ್ಲಿ ಬಂದ ಕನ್ಸರ್ವೇಟಿವ್ ನೇತೃತ್ವದ ಸರ್ಕಾರ ಖರ್ಚು ಕಡಿತದ ಹೆಸರಲ್ಲಿ ಅದನ್ನ ಇನ್ನಷ್ಟು ಬಿಗಿ ಮಾಡಿತು. ಭೇಟಿಗೆ ತಡವಾಗಿ ಬಂದರೆ ಭತ್ಯೆ ಕಟ್, ಫಾರ್ಮ್ ಸರಿಯಿಲ್ಲದಿದ್ದರೆ ಕಟ್. ಆ ನೀತಿಯ ಹೊಣೆ ಹೊತ್ತಿದ್ದ ಮಾಜಿ ಮಂತ್ರಿ ಇಯಾನ್ ಡಂಕನ್ ಸ್ಮಿತ್ ಈ ಸಿನಿಮಾ ಕಚೇರಿಯ ಸಿಬ್ಬಂದಿಗೆ ಅನ್ಯಾಯ ಮಾಡಿದೆ ಅಂತ ಬೇಸರಪಟ್ಟುಕೊಂಡರು. ತಮಾಷೆ ಅಂದರೆ, ಸಿನಿಮಾದಲ್ಲಿ ಡೇನಿಯಲ್‌ಗೆ ಫಾರ್ಮ್ ತುಂಬಲು ಸಹಾಯ ಮಾಡುವವಳೂ ಅದೇ ಕಚೇರಿಯ ಒಬ್ಬ ಹೆಂಗಸೇ. ಹಾಗೆ ಸಹಾಯ ಮಾಡಿದ್ದಕ್ಕೆ ಮೇಲಧಿಕಾರಿಯಿಂದ ಬೈಸಿಕೊಳ್ಳುವವಳೂ ಅವಳೇ.

ಬಹಿಷ್ಕಾರ ಅಂದರೆ ನಮಗೆ ನೆನಪಾಗುವುದು ಊರಕಟ್ಟೆ, ದಂಡ, ನೀರು ಬೆಂಕಿ ಕೊಡಬಾರದು ಅನ್ನೋ ಫರ್ಮಾನು. ಅದಕ್ಕೊಂದು ಮುಖ ಇರುತ್ತದೆ, ಬೈಯೋಕೆ ಒಬ್ಬ ಗೌಡ ಇರುತ್ತಾನೆ. ಡೇನಿಯಲ್‌ನನ್ನ ಹೊರಗಿಡುವುದು ಒಂದು ಪ್ರಶ್ನಾವಳಿ. ಅಲ್ಲಿ ಯಾರೂ ಅವನನ್ನ ದ್ವೇಷಿಸುವುದಿಲ್ಲ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು ಅಂತಾರೆ. ಪೆನ್ಸಿಲ್ ಹಿಡಿದು ಬದುಕಿದವನು ಲೈಬ್ರರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಮೌಸನ್ನ ಪರದೆ ಮೇಲೆ ಆಡಿಸಿ ಅಂದರೆ ಮೌಸನ್ನೇ ಎತ್ತಿ ಪರದೆಗೆ ಹಿಡಿಯುತ್ತಾನೆ. ನಗು ಬರುತ್ತೆ. ಅಕ್ಕಪಕ್ಕದ ಹುಡುಗರು ಸಹಾಯ ಮಾಡುವಷ್ಟರಲ್ಲಿ ಅವನ ಅವಧಿ ಮುಗಿದು ಹೋಗುತ್ತದೆ, ಮತ್ತೆ ಮೊದಲಿಂದ.

ಈ ದೃಶ್ಯವನ್ನ ನಮ್ಮ ಔಟರ್ ರಿಂಗ್ ರೋಡಿನ ಯಾವುದಾದರೂ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಹಾಕಿ ತೋರಿಸಬೇಕು. ಸೆಷನ್ ಟೈಮ್‌ಔಟ್ ಎಷ್ಟು ನಿಮಿಷ ಇರಬೇಕು ಅನ್ನೋದನ್ನ ತೀರ್ಮಾನ ಮಾಡುವವರು ನಾವೇ ಅಲ್ವಾ? ಬೆರಳಚ್ಚು ಹೊಂದದಿದ್ದರೆ ಪರದೆ ಮೇಲೆ ಯಾವ ಸಂದೇಶ ಬರಬೇಕು, ಆಮೇಲೆ ಆ ಮನುಷ್ಯ ಎಲ್ಲಿಗೆ ಹೋಗಬೇಕು, ಇದನ್ನೆಲ್ಲ 'ಎಡ್ಜ್ ಕೇಸ್' ಅಂತ ಪಕ್ಕಕ್ಕಿಟ್ಟು ಮುಂದಿನ ರಿಲೀಸಿಗೆ ತಳ್ಳುವ ಮೀಟಿಂಗುಗಳು ದಿನಾ ನಡೆಯುತ್ತವೆ. ಜಾರ್ಖಂಡಿನ ಸಿಮ್ಡೇಗಾದಲ್ಲಿ 2017ರಲ್ಲಿ 11 ವರ್ಷದ ಹುಡುಗಿಯೊಬ್ಬಳು ಸತ್ತಳು. ಆಧಾರ್ ಜೋಡಿಸಿಲ್ಲ ಅಂತ ಆ ಕುಟುಂಬದ ರೇಷನ್ ಕಾರ್ಡ್ ರದ್ದಾಗಿತ್ತು. ತಾಯಿ ಹಸಿವಿನಿಂದ ಅಂದಳು, ಸರ್ಕಾರ ಮಲೇರಿಯಾದಿಂದ ಅಂದಿತು. ಗಾರೆ ಕಲಸಿ, ಬಟ್ಟೆ ಒಗೆದು ಬೆರಳಿನ ಗೆರೆ ಸವೆದವರು, ಕುಷ್ಠದಿಂದ ಬೆರಳೇ ಇಲ್ಲದವರು ಕೋಡಿನ ಲೆಕ್ಕದಲ್ಲಿ ಎಡ್ಜ್ ಇರಬಹುದು. ರೇಷನ್ ಅಂಗಡಿಯ ಲೆಕ್ಕದಲ್ಲಿ ಅವರೇ ನಡುಮಧ್ಯದವರು.

ಇನ್ನು ಆ ಕ್ಯೂ. ಡೇನಿಯಲ್‌ಗೆ ಭತ್ಯೆ ಕಚೇರಿಯಲ್ಲಿ ಪರಿಚಯ ಆಗುವವಳು ಕೇಟಿ. ಎರಡು ಮಕ್ಕಳ ಒಂಟಿ ತಾಯಿ. ಲಂಡನ್ನಿನಲ್ಲಿ ಮನೆ ಇಲ್ಲದೆ ಹಾಸ್ಟೆಲಿನಲ್ಲಿದ್ದವಳನ್ನ ನೂರಾರು ಮೈಲಿ ದೂರದ ನ್ಯೂಕ್ಯಾಸಲ್‌ಗೆ ಸಾಗಹಾಕಿದ್ದಾರೆ, ಯಾಕೆಂದರೆ ಅಲ್ಲಿ ಮನೆ ಅಗ್ಗ. ಒಂದು ದಿನ ಅವರೆಲ್ಲ ಫುಡ್‌ಬ್ಯಾಂಕಿಗೆ ಹೋಗುತ್ತಾರೆ. ಹೊರಗೆ ಉದ್ದ ಸಾಲು. ಒಳಗೆ ಸ್ವಯಂಸೇವಕಿಯೊಬ್ಬಳು ಜೊತೆಗೇ ನಡೆಯುತ್ತಾ ಪಾಸ್ತಾ, ತರಕಾರಿ, ಡಬ್ಬಿ ಪದಾರ್ಥ ಚೀಲಕ್ಕೆ ಹಾಕಿಸುತ್ತಾಳೆ, ಎಷ್ಟು ಮೆತ್ತಗೆ ಮಾತಾಡುತ್ತಾಳೆ ಅಂದರೆ ನಮಗೇ ಸಮಾಧಾನ ಆಗುತ್ತೆ. ಅಷ್ಟರಲ್ಲಿ ಕೇಟಿ ಮೂಲೆಗೆ ತಿರುಗಿ ಒಂದು ಡಬ್ಬಿ ಕಿತ್ತು ಕೈಯಿಂದಲೇ ಬಾಯಿಗೆ ಸುರಿದುಕೊಳ್ಳುತ್ತಾಳೆ. ಮಕ್ಕಳಿಗೆ ಉಣ್ಣಿಸಿ ತಾನು ಎಷ್ಟೋ ದಿನದಿಂದ ಸರಿಯಾಗಿ ತಿಂದಿಲ್ಲ. ಆಮೇಲೆ ಅವಳಿಗೆ ಬರುವುದು ಅಳು. ಹಸಿವು ಅವಳನ್ನ ಅಷ್ಟು ಅಳಿಸುವುದಿಲ್ಲ, ಎಲ್ಲರೂ ನೋಡಿದರಲ್ಲ ಅನ್ನೋದು ಅಳಿಸುತ್ತದೆ. ಆ ದೃಶ್ಯವನ್ನ ನ್ಯೂಕ್ಯಾಸಲ್‌ನ ನಿಜವಾದ ಫುಡ್‌ಬ್ಯಾಂಕಿನಲ್ಲಿ, ಅಲ್ಲಿ ನಿಜವಾಗಿ ಕೆಲಸ ಮಾಡುವವರನ್ನೇ ಇಟ್ಟುಕೊಂಡು ತೆಗೆದದ್ದು.

ಟ್ರಸಲ್ ಟ್ರಸ್ಟ್ ಅನ್ನುವ ಒಂದೇ ಸಂಸ್ಥೆಯ ಫುಡ್‌ಬ್ಯಾಂಕುಗಳು 2015-16ರಲ್ಲಿ 11 ಲಕ್ಷಕ್ಕೂ ಹೆಚ್ಚು ಪೊಟ್ಟಣ ಹಂಚಿದವು, ಒಂದೊಂದೂ ಮೂರು ದಿನದ ಆಹಾರ. ಜಗತ್ತಿನ ಶ್ರೀಮಂತ ದೇಶಗಳಲ್ಲಿ ಒಂದು ಅದು. ಅವು ಸುಮ್ಮನೆ ಹೋದರೆ ಕೊಡುವುದಿಲ್ಲ, ಡಾಕ್ಟರೋ ಸಮಾಜ ಕಾರ್ಯಕರ್ತರೋ ಇವರಿಗೆ ನಿಜಕ್ಕೂ ಕಷ್ಟವಿದೆ ಅಂತ ಚೀಟಿ ಕೊಡಬೇಕು. ಹಂಚುವ ವಸ್ತು ಮಿತಿಯಲ್ಲಿದ್ದಾಗ ಅದು ಅನಿವಾರ್ಯ ಇರಬಹುದು, ನಾನು ಅವರನ್ನ ದೂರುವುದಿಲ್ಲ. ಆದರೆ ಚೀಟಿ ಬಂದ ಕೂಡಲೇ ಇನ್ನೊಂದು ವಿಷಯವೂ ಬರುತ್ತದೆ. ತಾನು ಬಡವಿ ಅಂತ ಸಾಬೀತು ಮಾಡಬೇಕು, ಜೊತೆಗೆ ಒಳ್ಳೆಯ ಬಡವಿ ಅಂತಲೂ ಸಾಬೀತು ಮಾಡಬೇಕು.

ಇಲ್ಲೇ ಈ ಸಿನಿಮಾದ ಬಗ್ಗೆ ನನ್ನ ತಕರಾರು. ಡೇನಿಯಲ್ ಎಷ್ಟು ಒಳ್ಳೆಯವನು ಅಂದರೆ ಅವನ ಮೇಲೆ ಒಂದು ಕಲೆ ಹುಡುಕಿದರೂ ಸಿಗಲ್ಲ. ಕುಡಿಯೋದಿಲ್ಲ, ಜೂಜಾಡೋದಿಲ್ಲ, ಜೀವಮಾನ ಪೂರ್ತಿ ದುಡಿದಿದ್ದಾನೆ, ಕಾಯಿಲೆಯ ಹೆಂಡತಿಯನ್ನ ನೋಡಿಕೊಂಡಿದ್ದಾನೆ, ಕೇಟಿಯ ಮಕ್ಕಳಿಗೆ ಮರದ ಮೀನು ಕೆತ್ತಿ ಕೊಡುತ್ತಾನೆ. ಅವನಿಗಾಗುವ ಅನ್ಯಾಯ ನಮಗೆ ಕುದಿಸುತ್ತದೆ, ಸರಿ. ಆದರೆ ಅವನು ಸಿಡುಕನಾಗಿದ್ದರೆ, ಕುಡುಕನಾಗಿದ್ದರೆ, ಆರು ತಿಂಗಳಿಗೊಂದು ಕೆಲಸ ಬಿಟ್ಟವನಾಗಿದ್ದರೆ? ಆಗ ಆ ಪರೀಕ್ಷೆ ಸರಿಯಾಗಿಬಿಡುತ್ತಿತ್ತಾ? ಲೋಚ್ ಅವರು ಖಂಡಿತ ಹಾಗೆ ಯೋಚಿಸುವವರಲ್ಲ. ಆದರೆ ಪ್ರೇಕ್ಷಕನ ಕಣ್ಣೀರು ಬೇಕಾದಾಗ ಅವರು ಚೀಟಿ ಬರೆಯುವವನ ಅಳತೆಗೋಲನ್ನೇ ಎತ್ತಿಕೊಂಡರು. ಒಳ್ಳೆಯ ಬಡವನನ್ನ ತೋರಿಸಿ ಕೆಟ್ಟ ವ್ಯವಸ್ಥೆಯನ್ನ ಬೈದರು.

ಹಾಗಾಗಿ ನನಗೆ ಆ ಸಿನಿಮಾದ ನಿಜವಾದ ಜೀವ ಕೇಟಿ. ಫುಡ್‌ಬ್ಯಾಂಕಿನಲ್ಲಿ ಸ್ಯಾನಿಟರಿ ಪ್ಯಾಡ್ ಇರುವುದಿಲ್ಲ, ಅವಳು ಅಂಗಡಿಯಲ್ಲಿ ಕದಿಯುತ್ತಾಳೆ. ಸಿಕ್ಕಿಬೀಳುತ್ತಾಳೆ. ಮಗಳ ಶೂ ಕಿತ್ತುಹೋಗಿ ಶಾಲೆಯಲ್ಲಿ ನಗುವಾಗ, ಡೇನಿಯಲ್ ಬೇಡ ಬೇಡ ಅಂದರೂ ಮೈ ಮಾರುವ ದಾರಿ ಹಿಡಿಯುತ್ತಾಳೆ. ಒಳ್ಳೆಯ ಬಡವಿ ಮಾಡಬಾರದ್ದನ್ನೆಲ್ಲ ಮಾಡುತ್ತಾಳೆ, ಆದರೂ ಒಂದು ಕ್ಷಣಕ್ಕೂ ಅವಳ ಘನತೆ ಕಡಿಮೆ ಅನಿಸುವುದಿಲ್ಲ. ಇಷ್ಟು ಗಟ್ಟಿಯಾದ ಪಾತ್ರ ಕೈಯಲ್ಲಿದ್ದೂ ಸಿನಿಮಾ ಡೇನಿಯಲ್ ಹೆಸರಲ್ಲಿ ನಡೆದು, ಅವನ ಸಾವಿನಲ್ಲಿ ಮುಗಿಯುತ್ತದೆ. ಕೇಟಿಗೆ ಉಳಿಯುವುದು ಅವನ ಪತ್ರ ಓದುವ ಕೆಲಸ.

ಇನ್ನೊಂದು ಮಾತು. ಈ ಸಿನಿಮಾದಲ್ಲಿ ಒಳ್ಳೆಯವರು ಬೇಕಾದಷ್ಟಿದ್ದಾರೆ. ಲೈಬ್ರರಿಯ ಹುಡುಗರು, ಚೀನಾದ ಶೂ ತರಿಸಿ ಮಾರುವ ಪಕ್ಕದ ಮನೆಯವನು, ಕಚೇರಿಯ ಆ ಹೆಂಗಸು. ಎಲ್ಲರೂ ಒಬ್ಬೊಬ್ಬರೇ. ಒಬ್ಬ ಇನ್ನೊಬ್ಬನಿಗೆ ಸಹಾಯ ಮಾಡಿ ತನ್ನ ದಾರಿ ಹಿಡಿಯುತ್ತಾನೆ. ಕ್ಯೂ ಅಂದರೆ ಅದೇ ತಾನೇ, ಮುಂದಿನವನ ಬೆನ್ನು ಕಾಣುತ್ತೆ, ಮುಖ ಕಾಣಲ್ಲ.

ಏಳು ವರ್ಷ ಬಿಟ್ಟು, ನಡುವೆ ಡೆಲಿವರಿ ವ್ಯಾನಿನ ಡ್ರೈವರನ ಕತೆಯೊಂದನ್ನ ತೆಗೆದು, ಲೋಚ್ 86ನೇ ವಯಸ್ಸಿನಲ್ಲಿ 'ದಿ ಓಲ್ಡ್ ಓಕ್' ತಂದರು. ಡರಂ ಜಿಲ್ಲೆಯ ಹೆಸರಿಲ್ಲದ ಒಂದು ಗಣಿಹಳ್ಳಿ. ಕಲ್ಲಿದ್ದಲ ಗಣಿ ಮುಚ್ಚಿ ಯಾವ ಕಾಲವಾಯಿತು. ಇಗರ್ಜಿ ಮುಚ್ಚಿದೆ, ಸಭಾಂಗಣ ಮುಚ್ಚಿದೆ, ಜನ ಸೇರುವ ಜಾಗ ಅಂತ ಉಳಿದಿರುವುದು ಓಲ್ಡ್ ಓಕ್ ಅನ್ನೋ ಪಬ್ಬು. ಅದರ ಬೋರ್ಡಿನ ಕೊನೆಯ ಅಕ್ಷರ ಜೋತುಬಿದ್ದಿರುತ್ತದೆ. ಮಾಲೀಕ ಟಿಜೆ ಕೋಲಿನಿಂದ ಅದನ್ನ ಮೇಲಕ್ಕೆ ತಳ್ಳುತ್ತಾನೆ, ಅದು ಮತ್ತೆ ಜಾರುತ್ತದೆ. 2016ನೇ ಇಸವಿ. ಸಿರಿಯಾದ ಯುದ್ಧದಿಂದ ಓಡಿಬಂದ ಕುಟುಂಬಗಳು ಬಸ್ಸಿನಿಂದ ಇಳಿಯುತ್ತವೆ. ಯಾರಾ ಅನ್ನೋ ಹುಡುಗಿ ಫೋಟೋ ತೆಗೆಯುತ್ತಿದ್ದಾಳೆ, ಊರಿನವನೊಬ್ಬ ಕ್ಯಾಮೆರಾ ಕಸಿದು ಒಡೆಯುತ್ತಾನೆ.

ಇದಕ್ಕೂ ಹಿನ್ನೆಲೆ ಇದೆ. 2020ರೊಳಗೆ 20,000 ಸಿರಿಯನ್ನರನ್ನ ಕರೆಸಿಕೊಳ್ಳುತ್ತೇವೆ ಅಂತ ಬ್ರಿಟನ್ ಸರ್ಕಾರ 2015ರಲ್ಲಿ ಘೋಷಿಸಿತ್ತು. ಎಲ್ಲಿ ಇಳಿಸೋದು? ಮನೆ ಅಗ್ಗ ಇರುವ ಕಡೆ. ಮನೆ ಎಲ್ಲಿ ಅಗ್ಗ? ಕೆಲಸ ಹೋದ ಕಡೆ. ಸಿನಿಮಾದ ಊರಿನಲ್ಲಿ ಎಲ್ಲೋ ಕೂತ ಕಂಪನಿಗಳು ಮನೆಯನ್ನ ಕಣ್ಣಲ್ಲೂ ನೋಡದೆ ಹರಾಜಿನಲ್ಲಿ ಕವಡೆ ಕಾಸಿಗೆ ಕೊಳ್ಳುತ್ತಿವೆ. ಬೆವರು ಸುರಿಸಿ ಮನೆ ಮಾಡಿಕೊಂಡವರ ಮನೆಯ ಬೆಲೆ ನೆಲಕ್ಕೆ ಬಿದ್ದಿದೆ. ಮೊದಲೇ ಎಲ್ಲರೂ ಮರೆತ ಊರಿಗೆ, ಎಲ್ಲವನ್ನೂ ಕಳೆದುಕೊಂಡವರನ್ನ ತಂದು, ಒಂದು ಮಾತೂ ಕೇಳದೆ ಇಳಿಸುತ್ತಾರೆ. ಕೇಟಿಯನ್ನ ಲಂಡನ್ನಿನಿಂದ ಉತ್ತರಕ್ಕೆ ಸಾಗಿಸಿದ್ದೂ ಇದೇ ಲೆಕ್ಕದಲ್ಲಿ, ನೆನಪಿರಲಿ.

ನನ್ನ ಪ್ರಕಾರ ಇಡೀ ಸಿನಿಮಾದ ಬೀಜ ಇರುವುದು ಒಂದು ಸೈಕಲ್ಲಿನಲ್ಲಿ. ಟಿಜೆ ಮತ್ತು ಊರಿನ ಸಮಾಜಸೇವಕಿ ಲಾರಾ ಯಾರೋ ದಾನ ಕೊಟ್ಟ ಸಾಮಾನನ್ನ ವ್ಯಾನಿನಲ್ಲಿ ತುಂಬಿ ಸಿರಿಯನ್ ಕುಟುಂಬಗಳಿಗೆ ಕೊಡುತ್ತಾ ಹೋಗುತ್ತಾರೆ. ಒಬ್ಬ ಪುಟ್ಟ ಹುಡುಗನಿಗೆ ಸೈಕಲ್ಲು ಸಿಗುತ್ತದೆ. ಅಲ್ಲೇ ನಿಂತು ನೋಡುವ ಊರಿನ ಹುಡುಗರು ಕೇಳುತ್ತಾರೆ, ಅವನಿಗ್ಯಾಕೆ, ನಮಗ್ಯಾಕಿಲ್ಲ? ಅವರೂ ಬಡವರೇ. ಆ ಮಕ್ಕಳಿಗೆ ಜನಾಂಗ ದ್ವೇಷ ಗೊತ್ತಿಲ್ಲ, ಸೈಕಲ್ಲಿನ ಲೆಕ್ಕ ಮಾತ್ರ ಗೊತ್ತು. ಲೋಚ್ ಇಲ್ಲಿ ಯಾರಿಗೂ ಬುದ್ಧಿ ಹೇಳುವುದಿಲ್ಲ, ದೃಶ್ಯ ಮುಗಿದುಹೋಗುತ್ತದೆ.

ನಮ್ಮ ಕಡೆ ಕೆಲಸ ಮಾಡುವ ಸಂಸ್ಥೆಗಳ ಭಾಷೆಯಲ್ಲಿ 'ಫಲಾನುಭವಿ' ಅಂತ ಒಂದು ಪದವಿದೆ. ಪ್ರಾಜೆಕ್ಟಿನ ಶುರುವಿಗೇ ಒಂದು ಸರ್ವೆ, ಸರ್ವೆಯ ಕೊನೆಗೆ ಒಂದು ಪಟ್ಟಿ. ಒಂದೇ ಗಲ್ಲಿಯಲ್ಲಿ ಈ ಶೀಟಿನ ಮನೆ ಪಟ್ಟಿಯಲ್ಲಿದೆ, ಗೋಡೆ ಹಂಚಿಕೊಂಡ ಪಕ್ಕದ ಶೀಟಿನ ಮನೆ ಇಲ್ಲ. ಇವಳ ಮಗಳಿಗೆ ಸ್ಕೂಲ್ ಬ್ಯಾಗು, ಅವಳ ಮಗಳಿಗೆ ಇಲ್ಲ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನ ಸಮಾಜಕ್ಕೆ ಖರ್ಚು ಮಾಡಬೇಕು ಅಂದಮೇಲೆ ಈ ಪಟ್ಟಿಗಳು ಇನ್ನೂ ಅಚ್ಚುಕಟ್ಟಾದವು, ಯಾಕೆಂದರೆ ಪ್ರತಿ ಬ್ಯಾಗಿನ ಲೆಕ್ಕವೂ ವರದಿಯಲ್ಲಿ ಬರಬೇಕು. ಮನೆ ಮನೆಯ ನಡುವೆ ಹುಟ್ಟುವ ಹೊಟ್ಟೆಯುರಿಗೆ ಯಾವ ವರದಿಯಲ್ಲೂ ಕಾಲಂ ಇಲ್ಲ. ಹೊರಗಿಟ್ಟವರನ್ನ ಒಳಗೆ ತರಲು ಹೊರಟ ಕೆಲಸ, ಆ ಗಲ್ಲಿಯೊಳಗೇ ಹೊಸದೊಂದು ಒಳಗೆ-ಹೊರಗೆ ಗೆರೆ ಎಳೆದು ಬರುತ್ತದೆ.

'ಓಲ್ಡ್ ಓಕ್' ಇದಕ್ಕೆ ಕೊಡುವ ಉತ್ತರ ಪಬ್ಬಿನ ಹಿಂದಿನ ಕೋಣೆ. ವರ್ಷಗಟ್ಟಲೆ ಬೀಗ ಹಾಕಿರುವ ಆ ಕೋಣೆಯ ಗೋಡೆ ತುಂಬ 1984-85ರ ಗಣಿ ಮುಷ್ಕರದ ಫೋಟೋಗಳು. ಒಂದು ವರ್ಷ ನಡೆದ ಮುಷ್ಕರ ಅದು. ಸಂಬಳವಿಲ್ಲದ ಆ ವರ್ಷ ಗಣಿಹಳ್ಳಿಗಳ ಹೆಂಗಸರು ಸೇರಿ ಅಡುಗೆಮನೆ ನಡೆಸಿದ್ದರು, ಊರಿಗೆ ಊರೇ ಒಟ್ಟಿಗೆ ಉಂಡಿತ್ತು. ಇದು ಇತಿಹಾಸ, ಸಿನಿಮಾದ ಕಟ್ಟುಕತೆಯಲ್ಲ. ಒಟ್ಟಿಗೆ ಉಣ್ಣುವವರು ಒಟ್ಟಿಗೆ ನಿಲ್ಲುತ್ತಾರೆ ಅನ್ನೋ ಅರ್ಥದ ಮಾತು ಆ ಗೋಡೆಯ ಮೇಲೇ ಇದೆ. ಅದನ್ನ ಓದಿ ಯಾರಾ ಕೇಳುತ್ತಾಳೆ, ಈಗ ಯಾಕೆ ಮಾಡಬಾರದು? ವಾರಕ್ಕೆ ಎರಡು ಸಲ ಊಟ. ಸಿರಿಯನ್ನರಿಗೆ ಅಂತಲ್ಲ, ಬಡವರಿಗೆ ಅಂತಲೂ ಅಲ್ಲ, ಊರಿಗೆ. ಚೀಟಿ ಇಲ್ಲ. ಸಿರಿಯನ್ ಹೆಂಗಸರೂ ಊರಿನ ಹೆಂಗಸರೂ ಜೊತೆಗೆ ಅಡುಗೆ ಮಾಡುತ್ತಾರೆ. ಇದು ದಾನ ಅಲ್ಲ ಅನ್ನೋದನ್ನ ಸಿನಿಮಾ ಬಾಯಿಬಿಟ್ಟೇ ಹೇಳುತ್ತದೆ, ಹೇಳದಿದ್ದರೂ ನಡೆಯುತ್ತಿತ್ತು.

ಬೆಂಗಳೂರಲ್ಲಿ 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ 5 ರೂಪಾಯಿ ತಿಂಡಿ, 10 ರೂಪಾಯಿ ಊಟದ ಬಗ್ಗೆ ಬೇಕಾದಷ್ಟು ಗೇಲಿ ಆಯಿತು. ನನಗೆ ಅದರಲ್ಲಿ ಇಷ್ಟವಾದದ್ದು ಒಂದೇ, ಕೌಂಟರಿನಲ್ಲಿ ನೀವು ಯಾರು ಅಂತ ಕೇಳಲ್ಲ. ಆಟೋದವರು, ಪಿಜಿ ಹುಡುಗರು, ಗಾರೆ ಕೆಲಸದವರು, ಎಲ್ಲರ ಕೈಯಲ್ಲೂ ಅದೇ ಟೋಕನ್. ಹಾಗಂತ ಪಂಕ್ತಿಯ ಹೊಗಳಿಕೆಗೆ ಇಳಿಯುವುದೂ ಕಷ್ಟ. ದಲಿತ ಹೆಂಗಸು ಅಡುಗೆ ಮಾಡಿದಳು ಅಂತ ಬಿಸಿಯೂಟ ಬಿಡಿಸಿ ಮಕ್ಕಳನ್ನ ಬೇರೆ ಶಾಲೆಗೆ ಸೇರಿಸಿದ ಸುದ್ದಿ ನಮ್ಮ ಜಿಲ್ಲೆಗಳಿಂದಲೇ ಬಂದಿದೆ. ಒಟ್ಟಿಗೆ ಉಂಡರೆ ಒಂದಾಗುತ್ತಾರೆ ಅನ್ನೋದು ಇಂಗ್ಲೆಂಡಿನ ಗಣಿಹಳ್ಳಿಯಲ್ಲಿ ನೆನಪು. ಇಲ್ಲಿ ಅದು ಇನ್ನೂ ಜಗಳ. ಯಾರು ಬಡಿಸಿದರು, ಯಾರು ಬೇಯಿಸಿದರು ಅನ್ನೋದು ಇಲ್ಲಿ ಹಸಿವಿಗಿಂತ ದೊಡ್ಡ ಪ್ರಶ್ನೆಯಾಗಿ ನಿಲ್ಲುತ್ತದೆ.

ಸಿನಿಮಾದಲ್ಲಿ ನನ್ನನ್ನ ಬಹಳ ದಿನ ಬಿಡದ ದೃಶ್ಯ ಊಟದ್ದಲ್ಲ, ಒಂದು ಫ್ರಿಜ್ಜಿನದು. ಊರಿನ ಶಾಲಾ ಹುಡುಗಿಯೊಬ್ಬಳು ತಲೆಸುತ್ತಿ ಬೀಳುತ್ತಾಳೆ. ಯಾರಾ ಅವಳನ್ನ ಮನೆಗೆ ಕರೆದುಕೊಂಡು ಹೋಗಿ, ತಿನ್ನಲು ಏನಾದರೂ ಕೊಡೋಣ ಅಂತ ಅಡುಗೆಮನೆಯಲ್ಲಿ ಹುಡುಕುತ್ತಾಳೆ. ಫ್ರಿಜ್ಜು ಖಾಲಿ. ಅಷ್ಟರಲ್ಲಿ ತಾಯಿ ಬರುತ್ತಾಳೆ, ನನ್ನ ಮನೆಗೆ ನುಗ್ಗಿ ನೀನು ಯಾರು ನೋಡೋಕೆ ಅಂತ ಕಿರುಚಿ ಹೊರಗೆ ಅಟ್ಟುತ್ತಾಳೆ. ಮಗಳನ್ನ ಬೀಳದಂತೆ ಹಿಡಿದವಳನ್ನ! ಮೊದಲ ನೋಟಕ್ಕೆ ಇದು ವಲಸಿಗರ ಮೇಲಿನ ದ್ವೇಷ ಅನಿಸುತ್ತೆ. ಅಲ್ಲ. ಆ ತಾಯಿಗೆ ಅವಮಾನ ಆಗಿರುವುದು ಖಾಲಿ ಫ್ರಿಜ್ಜನ್ನ ಹೊರಗಿನವಳೊಬ್ಬಳು ನೋಡಿದಳಲ್ಲ ಅಂತ. ಕೇಟಿ ಡಬ್ಬಿ ಕಿತ್ತಾಗ ಅತ್ತದ್ದೂ ಇದಕ್ಕೇ. ಸರ್ವೆ ಫಾರ್ಮ್ ಹಿಡಿದು ಹೋಗುವವರಿಗೆ ನಾನು ಇದೊಂದು ದೃಶ್ಯವನ್ನ ತೋರಿಸಿ ಕಳಿಸಬೇಕು ಅಂತೀನಿ. ಮನೆಯಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಸಲ ಊಟ, ಶೌಚಾಲಯ ಇದೆಯಾ, ಗಂಡ ಕುಡೀತಾನಾ. ಒಂದೊಂದು ಪ್ರಶ್ನೆಯೂ ಬೇರೆಯವರ ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ.

ಫೋಟೋಗಳ ಮಾತನ್ನೂ ಆಡಲೇಬೇಕು. ಯಾರಾ ಊರಿನವರ ಫೋಟೋ ತೆಗೆಯುತ್ತಾ ಹೋಗುತ್ತಾಳೆ, ಕಟಿಂಗ್ ಶಾಪಿನಲ್ಲಿ, ಬೀದಿಯಲ್ಲಿ, ಅಡುಗೆ ಮಾಡುವಾಗ. ಆಮೇಲೆ ಒಂದು ದಿನ ಅದೇ ಹಿಂದಿನ ಕೋಣೆಯಲ್ಲಿ, ಫೋಟೋದಲ್ಲಿದ್ದವರನ್ನೇ ಕೂರಿಸಿಕೊಂಡು ದೊಡ್ಡದಾಗಿ ತೋರಿಸುತ್ತಾಳೆ. ಜನ ತಮ್ಮನ್ನ ತಾವು ನೋಡಿಕೊಂಡು ನಗುತ್ತಾರೆ, ಕೂಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ಸಿಎಸ್ಆರ್ ದಿನದ ಫೋಟೋಗಳು ಎಲ್ಲಿಗೆ ಹೋಗುತ್ತವೆ ಅಂತ ನಿಮಗೆ ಗೊತ್ತು. ಲಿಂಕ್ಡ್‌ಇನ್‌ಗೆ, ವಾರ್ಷಿಕ ವರದಿಗೆ, ರಿಸೆಪ್ಷನ್ ಗೋಡೆಗೆ. ಕ್ಯಾಮೆರಾಗೆ ನಕ್ಕ ಆ ಮಗು ತನ್ನ ಫೋಟೋವನ್ನ ನೋಡಿಯೇ ಇರುವುದಿಲ್ಲ. ಎರಡು ಪ್ರಿಂಟ್ ಹಾಕಿಸಿ ಕೊಟ್ಟರೆ ಎಷ್ಟು ಖರ್ಚಾದೀತು ಹೇಳಿ.

ಈಗ ಸಿನಿಮಾದ ದೋಷಗಳು. ಯಾರಾ ಮತ್ತೆ ಡೇನಿಯಲ್‌ನೇ. ಶಿಬಿರದಲ್ಲಿ ವಿದೇಶಿ ನರ್ಸುಗಳ ಜೊತೆ ಕೆಲಸ ಮಾಡಿ ಇಂಗ್ಲಿಷ್ ಕಲಿತಿದ್ದಾಳೆ, ಎಲ್ಲರಿಗೂ ಒಳ್ಳೆಯದನ್ನೇ ಬಯಸುತ್ತಾಳೆ, ಒಂದು ಸಲವೂ ಸಣ್ಣತನ ತೋರುವುದಿಲ್ಲ. ಒಳ್ಳೆಯ ಬಡವನ ಜಾಗಕ್ಕೆ ಒಳ್ಳೆಯ ನಿರಾಶ್ರಿತೆ. ಟಿಜೆಯ ಪುಟ್ಟ ನಾಯಿಗೆ ಆಗುವ ಗತಿಯೂ ನಮ್ಮನ್ನ ಅಳಿಸಲೇಬೇಕು ಅಂತ ಇಟ್ಟದ್ದು. ಆದರೆ ಚಾರ್ಲಿಯ ವಿಷಯದಲ್ಲಿ ಲೋಚ್ ಜಾರಲಿಲ್ಲ. ಚಾರ್ಲಿ ಟಿಜೆಯ ಬಾಲ್ಯದ ಗೆಳೆಯ. ಹೆಂಡತಿ ಕಾಯಿಲೆಯವಳು, ಮನೆಗೆ ಬೆಲೆ ಇಲ್ಲ, ಬಿಟ್ಟು ಹೋಗಲು ಬೇರೆ ಜಾಗ ಇಲ್ಲ. ನಿರಾಶ್ರಿತರ ಬಗ್ಗೆ ಸಭೆ ಮಾಡಬೇಕು, ಹಿಂದಿನ ಕೋಣೆ ಕೊಡು ಅಂತ ಅವನೂ ಅವನ ಜೊತೆಯವರೂ ಮೊದಲು ಕೇಳಿದ್ದರು. ವಯರಿಂಗ್ ಸರಿಯಿಲ್ಲ, ಪ್ಲಂಬಿಂಗ್ ಸರಿಯಿಲ್ಲ ಅಂತ ಟಿಜೆ ಇಲ್ಲ ಅಂದಿದ್ದ. ಸ್ವಲ್ಪ ದಿನಕ್ಕೆ ಅದೇ ಕೋಣೆ ಸಿರಿಯನ್ನರ ಜೊತೆಗಿನ ಊಟಕ್ಕೆ ರಿಪೇರಿಯಾಗುತ್ತದೆ. ಚಾರ್ಲಿಗೆ ಹೇಗನಿಸಬೇಡ? ಒಂದು ರಾತ್ರಿ ಪೈಪು ಕಿತ್ತು ನೀರು ನುಗ್ಗಿ ಕೋಣೆ ಹಾಳಾಗುತ್ತದೆ, ಅದರಲ್ಲಿ ಅವನ ಕೈಯೂ ಇದೆ. ಟಿಜೆ ಅವನ ಮನೆಗೇ ಹೋಗಿ ಕೇಳುತ್ತಾನೆ. ಕಷ್ಟ ಬಂದಾಗ ನಾವು ಮೇಲೆ ನೋಡುವುದಿಲ್ಲ, ನಮಗಿಂತ ಕೆಳಗಿನವರನ್ನ ಹುಡುಕಿ ತುಳಿಯುತ್ತೇವೆ ಅನ್ನೋ ಅರ್ಥದಲ್ಲಿ ಮಾತಾಡುತ್ತಾನೆ. ಮಾತು ನಿಜ. ಆದರೆ ಸಭೆಗೆ ಇಲ್ಲ ಅಂದ ಕೋಣೆ ಊಟಕ್ಕೆ ಹೇಗೆ ತೆರೆಯಿತು ಅನ್ನೋ ಚಾರ್ಲಿಯ ಪ್ರಶ್ನೆಗೆ ಅದು ಉತ್ತರವಲ್ಲ, ಸಿನಿಮಾಕ್ಕೂ ಅದು ಗೊತ್ತಿದೆ. ಸಮುದಾಯದ ಕೆಲಸ ಅಂದರೆ ಯಾರಾಳ ಜೊತೆ ಕೂರುವುದಷ್ಟೇ ಆದರೆ ಸುಲಭ. ಚಾರ್ಲಿಯನ್ನೂ ಆ ಮೇಜಿಗೆ ಕರೆಯುವುದು ಹೇಗೆ?

ಇಷ್ಟು ಕಷ್ಟದ ಪ್ರಶ್ನೆ ಎತ್ತಿದ ಸಿನಿಮಾ ಕೊನೆಗೆ ಅದನ್ನ ಹೂವಿನಿಂದ ಮುಚ್ಚುತ್ತದೆ. ಯಾರಾಳ ಅಪ್ಪ ತೀರಿಕೊಂಡ ಸುದ್ದಿ ಸಿರಿಯಾದಿಂದ ಬರುತ್ತದೆ. ಸುದ್ದಿ ಕೇಳಿ ಊರಿನವರು ಒಬ್ಬೊಬ್ಬರಾಗಿ ಹೂ ಹಿಡಿದು ಅವರ ಮನೆಯ ಮುಂದೆ ಸೇರುತ್ತಾರೆ. ಸಾವಿನ ಮನೆ ಮುಂದೆ ಎಲ್ಲರೂ ಒಂದೇ, ನಿಜ, ನಮ್ಮ ಹಳ್ಳಿಗಳಲ್ಲೂ ಹಾಗೇ. ಆದರೆ ಸೂತಕ ಕಳೆದ ಮೇಲೆ? ಸಿನಿಮಾ ಅಷ್ಟು ಹೊತ್ತು ಕಾಯುವುದಿಲ್ಲ. ಗಣಿ ಕಾರ್ಮಿಕರ ಡರಂ ಮೆರವಣಿಗೆಯಲ್ಲಿ ಎಲ್ಲರೂ ಹೊಸ ಬಾವುಟದ ಹಿಂದೆ ನಡೆಯುತ್ತಾರೆ, ಮುಗಿಯಿತು.

ಆ ಉಳಿದ ಭಾಗವನ್ನ ಇತಿಹಾಸ ಬರೆಯಿತು, ಅದೂ ಒಂದೇ ವರ್ಷಕ್ಕೆ. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದ ವಲಸಿಗ ಅಂತ ಸುಳ್ಳು ಸುದ್ದಿ ಹಬ್ಬಿತು, ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲೇ. ದಂಗೆ ಊರಿಂದೂರಿಗೆ ಹಾರಿತು. ಜುಲೈ 31ಕ್ಕೆ ಹಾರ್ಟ್ಲ್‌ಪೂಲ್, ಆಗಸ್ಟ್ 2ಕ್ಕೆ ಸಂಡರ್‌ಲ್ಯಾಂಡ್. ಲೋಚ್ ತಮ್ಮ ಪಬ್ಬಿನ ಚಿತ್ರೀಕರಣ ಮಾಡಿದ ಗಣಿಹಳ್ಳಿಗಳು ಇರುವುದು ಈ ಎರಡು ಊರುಗಳ ನಡುವಿನ ಕರಾವಳಿಯಲ್ಲೇ. ಸಂಡರ್‌ಲ್ಯಾಂಡಿನಲ್ಲಿ ಅವತ್ತು ರಾತ್ರಿ ಸುಟ್ಟುಹೋದ ಕಟ್ಟಡ ಯಾವುದು ಗೊತ್ತಾ? ಪೊಲೀಸ್ ಕಚೇರಿಯ ಪಕ್ಕದ ಸಿಟಿಜನ್ಸ್ ಅಡ್ವೈಸ್ ಕಚೇರಿ. ಸಾಲ, ಬಾಡಿಗೆ, ನಿಂತುಹೋದ ಭತ್ಯೆ, ತಿರಸ್ಕಾರವಾದ ಅರ್ಜಿಯ ಮೇಲ್ಮನವಿ, ಇವಕ್ಕೆಲ್ಲ ಯಾರು ಬಂದರೂ ಬಿಟ್ಟಿಯಾಗಿ ಸಲಹೆ ಕೊಡುವ ಜಾಗ ಅದು. ಡೇನಿಯಲ್ ಬ್ಲೇಕ್ ಹೋಗಿ ಕೂರಬಹುದಾಗಿದ್ದ ಕುರ್ಚಿಗಳು ಇದ್ದದ್ದು ಅಂಥ ಕಡೆ. ಚಾರ್ಲಿಯದೂ.

ಮರುದಿನ ಬೆಳಿಗ್ಗೆ ಅದೇ ಊರಿನ ಜನ ಪೊರಕೆ, ಸಲಿಕೆ, ಕಸದ ಚೀಲ ಹಿಡಿದು ಬೀದಿಗೆ ಬಂದರು. ಸುಟ್ಟ ಕಚೇರಿಗಾಗಿ ಹಣ ಕೂಡಿಸಿದರು. ಹಾಗೆ ಗುಡಿಸಲು ಬಂದವರಲ್ಲಿ ಹಿಂದಿನ ರಾತ್ರಿ ಕಲ್ಲೆಸೆದವರ ಅಕ್ಕಂದಿರು, ಅಮ್ಮಂದಿರು, ನೆರೆಯವರು ಎಷ್ಟು ಜನ ಇದ್ದರೋ. ಅವರು ಆ ಹುಡುಗರ ಜೊತೆ ಅವತ್ತು ರಾತ್ರಿ ಒಂದೇ ಮೇಜಿನ ಮೇಲೆ ಊಟ ಮಾಡಿರುತ್ತಾರೆ, ಏನು ಮಾತಾಡಿರುತ್ತಾರೆ? ನನಗೆ ನೋಡಬೇಕಿರುವ ಮೂರನೆಯ ಸಿನಿಮಾ ಆ ಊಟದಿಂದ ಶುರುವಾಗಬೇಕು. ಲೋಚ್ ಅವರು ಮಾತ್ರ 'ಓಲ್ಡ್ ಓಕ್' ಬಹುಶಃ ನನ್ನ ಕೊನೆಯದು ಅಂದುಬಿಟ್ಟಿದ್ದಾರೆ.